ಕ್ಯಾಮೆರಾ ಎತ್ತಿದ ಕೂಡಲೇ ಬಿಗಿದುಕೊಳ್ಳುವವರ ಫೋಟೋ ತೆಗೆಯುವುದು ಹೇಗೆ?

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಈಚೆಗೆ ಸಣ್ಣದೊಂದು ಸ್ಟುಡಿಯೋ ಹಾಕಿದ್ದೇನೆ. ಬಾಗಿಲಲ್ಲಿ ನಗುನಗುತ್ತಾ ಮಾತಾಡುವವರೇ ಕ್ಯಾಮೆರಾ ಎತ್ತಿದ ಕೂಡಲೇ ಒನಕೆ ನುಂಗಿದವರ ಹಾಗೆ ನಿಂತುಬಿಡುತ್ತಾರೆ. ಮಾಡೆಲ್‌ಗಳಲ್ಲ, ಸಾಮಾನ್ಯ ಜನ. ಏನು ಮಾಡಬೇಕು?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಕ್ಯಾಮೆರಾ ಎತ್ತಿದಾಗ ನಿಮ್ಮ ಮುಖ ಮರೆಯಾಗುತ್ತದೆ, ನಿಮ್ಮ ಮಾತೂ ನಿಂತುಹೋಗುತ್ತದೆ. ಎದುರಿಗಿದ್ದವರಿಗೆ ನೋಡಲು ಮುಖವಿಲ್ಲ, ಮಾಡಲು ಕೆಲಸವಿಲ್ಲ. ಬಿಗಿಯದೆ ಇನ್ನೇನು ಮಾಡುತ್ತಾರೆ? ಅವರ ನಾಚಿಕೆಯನ್ನು ಓಡಿಸಲು ಹೋಗಬೇಡಿ. ಕೈಗೆ, ಕಾಲಿಗೆ, ಉಸಿರಿಗೆ ಒಂದೊಂದು ಸಣ್ಣ ಕೆಲಸ ಕೊಡಿ, ನೀವು ಬಾಯಿ ಮುಚ್ಚಬೇಡಿ. ನಾನು ಹೇಳುವುದೆಲ್ಲ ಇದರ ವಿವರವೇ.

ಅವರು ಬರುವ ಹೊತ್ತಿಗೆ ಬೆಳಕು ಹೊಂದಿಸಿ ಮುಗಿದಿರಬೇಕು. ಹುಡುಗನೊಬ್ಬ ಕೆಲಸಕ್ಕಿದ್ದರೆ ಅವನನ್ನು ನಿಲ್ಲಿಸಿ, ಇಲ್ಲದಿದ್ದರೆ ಸ್ಟೂಲಿನ ಮೇಲೆ ನೀರಿನ ಕ್ಯಾನ್ ಇಟ್ಟು ಟೆಸ್ಟ್ ಹೊಡೆಯಿರಿ. ಸ್ಟುಡಿಯೋ ಫ್ಲ್ಯಾಶ್ ಇದ್ದರೆ ಮ್ಯಾನ್ಯುಯಲ್‌ನಲ್ಲಿ ಶಟರ್ ವೇಗ 1/160, ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 5.6, ಐಎಸ್‌ಒ 100 ಇಟ್ಟು ಫ್ಲ್ಯಾಶಿನ ಪವರ್ ಮಾತ್ರ ಹೊಂದಿಸಿಕೊಳ್ಳಿ. ಗಿರಾಕಿ ನಿಂತ ಮೇಲೆ ನೀವು ಹುಬ್ಬು ಗಂಟಿಕ್ಕಿ ಡಯಲ್ ತಿರುಗಿಸುತ್ತಿದ್ದರೆ ದೋಷ ತಮ್ಮ ಮುಖದಲ್ಲೇ ಇದೆ ಅಂದುಕೊಳ್ಳುತ್ತಾರೆ. ಪ್ರತಿ ಕ್ಲಿಕ್ಕಿಗೂ ಸ್ಕ್ರೀನ್ ನೋಡಿ "ಚ್" ಅನ್ನುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಕೋಣೆಯನ್ನು ಕತ್ತಲು ಮಾಡಬೇಡಿ. ಕತ್ತಲಲ್ಲಿ ಫ್ಲ್ಯಾಶ್ ಹೊಡೆದರೆ ಕಣ್ಣು ಮುಚ್ಚುವವರು ಜಾಸ್ತಿ. ಫ್ಲ್ಯಾಶಿನೊಳಗೇ ಇರುವ ಸಣ್ಣ ದೀಪ, ಅಂದರೆ ಮಾಡೆಲಿಂಗ್ ಲ್ಯಾಂಪ್, ಉರಿಯುತ್ತಿರಲಿ. ಕಣ್ಣು ಮಿಟುಕಿಸುತ್ತಲೇ ಇರುವವರಿಗೆ "ಕಣ್ಣು ಮುಚ್ಚಿ, ಒಂದು, ಎರಡು, ಮೂರು, ತೆಗೀರಿ" ಎಂದು ಹೇಳಿ, ತೆರೆದ ಮರುಕ್ಷಣ ಕ್ಲಿಕ್ ಮಾಡಿ.

ಫ್ಲ್ಯಾಶಿಗೇ ಹೆದರುವವರಿದ್ದರೆ ಕಿಟಕಿ ಸಾಕು. ಬಿಸಿಲು ನೇರವಾಗಿ ಬೀಳದ ಕಿಟಕಿಯಿಂದ ಮೂರು ನಾಲ್ಕು ಅಡಿ ದೂರ ಕೂರಿಸಿ, ಬೆಳಕು ತಿರುಗಿ ಮುಖಕ್ಕೆ ಬೀಳಲೆಂದು ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಶೀಟ್ ನಿಲ್ಲಿಸಿ.

ಲೆನ್ಸ್ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಎಷ್ಟು ದೂರ ನಿಲ್ಲುತ್ತೀರಿ ಅನ್ನುವುದರ ಮೇಲೆ ಮುಖದ ಆಕಾರವೂ ನಿಂತಿದೆ, ಮಾತುಕತೆಯೂ ನಿಂತಿದೆ. ಚಿಕ್ಕ ಸೆನ್ಸರಿನ, ಅಂದರೆ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ 50 ಎಂಎಂ ಹಾಕಿದರೆ ತಲೆಯಿಂದ ಎದೆಯ ಕೆಳಗಿನವರೆಗಿನ ಫ್ರೇಮಿಗೆ ಸುಮಾರು 6 ಅಡಿ ದೂರ ನಿಲ್ಲಬೇಕು. ಮೆಲ್ಲಗೆ ಮಾತಾಡಿದರೂ ಕೇಳುತ್ತದೆ. ಅದೇ ಫ್ರೇಮನ್ನು 200 ಎಂಎಂನಲ್ಲಿ ತೆಗೆಯಲು 24 ಅಡಿ ಹಿಂದಕ್ಕೆ ಹೋಗಬೇಕು. ಅಲ್ಲಿಂದ ಕೂಗಿ ಹೇಳಿದ್ದೆಲ್ಲ ಬೈದ ಹಾಗೆ ಕೇಳಿಸುತ್ತದೆ. ಎರಡು ಅಡಿಗೆ ಹೋದರೆ ಮೂಗು ದೊಡ್ಡದಾಗುತ್ತದೆ, ಮುಖದ ಹತ್ತಿರ ಬಂದರೆಂದು ಅವರು ಹಿಂದಕ್ಕೂ ಸರಿಯುತ್ತಾರೆ. ಇನ್ನೊಂದು: 6 ಅಡಿ ದೂರದಲ್ಲಿ ಎಫ್ 1.8 ಇಟ್ಟರೆ ಫೋಕಸ್‌ನಲ್ಲಿ ಉಳಿಯುವುದು ಹಿಂದುಮುಂದಾಗಿ ಸುಮಾರು 9 ಸೆಂ.ಮೀ. ಜಾಗ ಮಾತ್ರ. ಆಗ "ಅಲ್ಲಾಡಬೇಡಿ" ಅನ್ನಲೇಬೇಕಾಗುತ್ತದೆ. ಎಫ್ 4 ಇಟ್ಟರೆ ಸುಮಾರು 20 ಸೆಂ.ಮೀ. ಸಿಗುತ್ತದೆ, ಅವರು ಮಾತಾಡಿಕೊಂಡೇ ಇರಬಹುದು. ಹಿನ್ನೆಲೆ ಮಸುಕಾಗಲೆಂದು ಮನುಷ್ಯನನ್ನು ಬೊಂಬೆ ಮಾಡಬೇಡಿ.

ಇನ್ನು ನಿಲ್ಲಿಸುವ ಬಗೆ. ನೆಲದ ಮೇಲೆ ಟೇಪಿನ ಗುರುತು ಹಾಕಿ, "ಎಲ್ಲಿ ನಿಲ್ಲಲಿ" ಅನ್ನುವ ತಳಮಳ ಅಲ್ಲಿಗೆ ಮುಗಿಯುತ್ತದೆ. ಒಂದು ಕಾಲು ಅರ್ಧ ಹೆಜ್ಜೆ ಹಿಂದಕ್ಕೆ, ಭಾರವೆಲ್ಲ ಆ ಹಿಂದಿನ ಕಾಲಿನ ಮೇಲೆ. ಎರಡೂ ಕಾಲಿನ ಮೇಲೆ ಸಮನಾಗಿ ನಿಂತವರು ಡ್ರಿಲ್ ಮಾಡುವ ಹುಡುಗರ ಹಾಗೆ ಕಾಣುತ್ತಾರೆ. ಆಮೇಲೆ ಭುಜವನ್ನು ಕಿವಿಯವರೆಗೆ ಎತ್ತಿಸಿ, ಧೊಪ್ಪೆಂದು ಬಿಡಿಸಿ, ಮೂರು ಸಲ. ಮೂಗಿನಲ್ಲಿ ಉಸಿರೆಳೆದು ಬಾಯಲ್ಲಿ ಬಿಡಲು ಹೇಳಿ, ಉಸಿರು ಬಿಡುವಾಗಲೇ ಕ್ಲಿಕ್ ಮಾಡಿ. ಬಿಗಿದುಕೊಂಡವರೆಲ್ಲ ಉಸಿರು ಹಿಡಿದಿರುತ್ತಾರೆ, ಕತ್ತಿನ ನರ ಎದ್ದು ಕಾಣುವುದು ಅದಕ್ಕೇ. ಗದ್ದ ಹಿಂದಕ್ಕೆ ಎಳೆದುಕೊಳ್ಳುವುದೂ ಹೆದರಿಕೆಯ ಲಕ್ಷಣ, ಅದರಿಂದ ಎರಡು ಗದ್ದ ಬರುತ್ತದೆ. "ಹಣೆಯನ್ನು ಸ್ವಲ್ಪ ನನ್ನ ಕಡೆ ತನ್ನಿ" ಅನ್ನಿ. "ಗದ್ದ ಮುಂದೆ" ಅಂದರೆ ಮುಖ ಮೇಲೆತ್ತಿ ಮೂಗಿನ ಹೊಳ್ಳೆ ತೋರಿಸುತ್ತಾರೆ.

ಎಡ ಬಲ ಅನ್ನಲೇಬೇಡಿ. ನಿಮ್ಮ ಎಡವೋ ತಮ್ಮ ಎಡವೋ ತಿಳಿಯದೆ ಗಲಿಬಿಲಿಯಾಗುತ್ತಾರೆ. "ಮೂಗನ್ನು ಆ ಕ್ಯಾಲೆಂಡರ್ ಕಡೆ ತಿರುಗಿಸಿ, ಕಣ್ಣು ಮಾತ್ರ ನನ್ನ ಕಡೆ" ಅನ್ನಿ. ಇಲ್ಲವೇ ನೀವೇ ಎದುರಿಗೆ ಹಾಗೆ ನಿಂತು ತೋರಿಸಿ, ಕನ್ನಡಿ ನೋಡಿದ ಹಾಗೆ ಮಾಡುತ್ತಾರೆ. ನಿಮ್ಮ ಭಂಗಿ ನೋಡಿ ನಕ್ಕರೆ ಇನ್ನೂ ಒಳ್ಳೆಯದು. ಸರಿಮಾಡಲೆಂದು ಮುಟ್ಟಬೇಡಿ. ಸೆರಗು, ಕೂದಲು, ಕುಂಕುಮ ಏನಿದ್ದರೂ ಜೊತೆಗೆ ಬಂದವರ ಕೈಲಿ ಸರಿಮಾಡಿಸಿ, ಅಥವಾ ಸಣ್ಣ ಕನ್ನಡಿ ಕೊಡಿ.

ಕೈಗಳಿಗೆ ಏನಾದರೂ ಹಿಡಿಯಲು ಇರಲೇಬೇಕು. ಸೀರೆಯಾದರೆ ಸೆರಗಿನ ಅಂಚು, ಪಂಚೆಯಾದರೆ ಪಂಚೆಯ ಚುಂಗು, ಹುಡುಗರಿಗೆ ವಾಚಿನ ಪಟ್ಟಿ. ಕೂತವರಾದರೆ ಕಾಫಿ ಲೋಟ. ಜೇಬಾದರೆ ಬೆರಳು ಒಳಗೆ, ಹೆಬ್ಬೆರಳು ಹೊರಗೆ.

"ನಗಿ", "ಫ್ರೀಯಾಗಿರಿ" ಈ ಎರಡು ಮಾತು ನಿಮ್ಮ ಬಾಯಲ್ಲಿ ಬರಬಾರದು. ತುಟಿ ಹೇಳಿದ ಮಾತು ಕೇಳುತ್ತದೆ, ಕಣ್ಣಿನ ಸುತ್ತಲ ಸ್ನಾಯು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಫ್ರೆಂಚ್ ವೈದ್ಯ ಡ್ಯುಶೆನ್ 1862ರಲ್ಲೇ ಇದನ್ನು ಬರೆದಿಟ್ಟಿದ್ದಾನೆ, ನಿಜವಾದ ನಗುವಿಗೆ ಇವತ್ತಿಗೂ ಅವನ ಹೆಸರೇ ಇದೆ. ಬದಲಿಗೆ ಉತ್ತರ ಹೇಳಬೇಕಾದ ಪ್ರಶ್ನೆ ಕೇಳಿ, ಆದರೆ ಸಂಬಳ, ಮದುವೆಯ ಸುದ್ದಿ ಬೇಡ. "ಮನೇಲಿ ನಿಮ್ಮನ್ನ ಏನಂತ ಕರೀತಾರೆ?", "ಬೆಳಗ್ಗೆ ತಿಂಡಿ ಯಾರು ಮಾಡಿದ್ದು?" ಇಂಥವು ಸಾಕು. ಮಾತಾಡುವಾಗ ಬಾಯಿ ಸೊಟ್ಟಗೆ ಬರುತ್ತದೆ. ಮಾತು ಮುಗಿದ ಅರೆ ಕ್ಷಣದಲ್ಲಿ ಮುಖ ತಾನಾಗಿ ಸಡಿಲವಾಗುತ್ತದೆ, ಅಲ್ಲಿ ಕ್ಲಿಕ್ ಮಾಡಿ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ಹಿರಿಯರಲ್ಲಿ ಮನೆಮಾತು ತೆಲುಗಿನವರು ಬಹಳ. "ತಾತ, ಕೊಂಚೆಂ ಇಟು ಚೂಡಂಡಿ" (ಸ್ವಲ್ಪ ಈ ಕಡೆ ನೋಡಿ) ಅಂದರೆ ಅರ್ಧ ಬಿಗಿ ಇಳಿಯುತ್ತದೆ. ಅಕ್ಕ, ಅಣ್ಣ, ತಾತ, ಅಜ್ಜಿ ಅನ್ನುವುದು "ಸರ್, ಮೇಡಂ"ಗಿಂತ ಎಷ್ಟೋ ವಾಸಿ. ಕಾಲೇಜು ಹುಡುಗಿಯರಿಗೆ ಮಾತ್ರ ಹೆಸರು ಕೇಳಿಕೊಂಡು ಹೆಸರು ಹಿಡಿದೇ ಕರೆಯಿರಿ.

ಎಲ್ಲಕ್ಕಿಂತ ಕಷ್ಟದ್ದು ಜಾತಕದ ಜೊತೆ ಕಳಿಸುವ ಫೋಟೋ. ಹುಡುಗಿ ಕೆಡುವುದು ಕ್ಯಾಮೆರಾದಿಂದಲ್ಲ, ನಿಮ್ಮ ಬೆನ್ನ ಹಿಂದೆ ನಿಂತು "ಸ್ವಲ್ಪ ನಗೇ", "ಬೆನ್ನು ನೆಟ್ಟಗೆ" ಅನ್ನುವ ಅಮ್ಮ, ಚಿಕ್ಕಮ್ಮಂದಿರಿಂದ. ಅವರನ್ನು ಹೊರಗೆ ಕಳಿಸಿದರೆ ಬೇಜಾರು, ಹುಡುಗಿಗೂ ಮುಜುಗರ. ಒಬ್ಬರನ್ನು ಮಾತ್ರ, ಅವಳೇ ಆರಿಸಿದವರನ್ನು, ಕ್ಯಾಮೆರಾದ ಪಕ್ಕದಲ್ಲಿ ಕೂರಿಸಿ, ಕೈಗೆ ಥರ್ಮೋಕೋಲ್ ಶೀಟ್ ಕೊಡಿ. ಅವರಿಗೂ ಕೆಲಸವಾಯಿತು. ಉಳಿದವರಿಗೆ ಹೊರಗೆ ಕಾಫಿ. ಗರಿಗರಿ ಹೊಸ ರೇಷ್ಮೆ ಸೀರೆಯಲ್ಲಿ ಯಾರೇ ಆದರೂ ಮರದ ಹಾಗೆ ನಿಲ್ಲುತ್ತಾರೆ. ಒಮ್ಮೆ ಉಟ್ಟು ಮೈಗೆ ಹೊಂದಿದ ಸೀರೆ ತರಲು ಫೋನಿನಲ್ಲೇ ಹೇಳಿ, ಮೊದಲ ಹದಿನೈದು ನಿಮಿಷ ಅವಳ ದಿನನಿತ್ಯದ ಬಟ್ಟೆಯಲ್ಲೇ ತೆಗೆಯಿರಿ.

ಮೊದಲ ಹತ್ತು ಹದಿನೈದು ಫ್ರೇಮು ಕೆಲಸಕ್ಕೆ ಬರುವುದಿಲ್ಲ, ಅವು ಕ್ಲಿಕ್ಕಿನ ಸದ್ದು ಅಭ್ಯಾಸವಾಗಲೆಂದು ತೆಗೆಯುವುದು. ಆಮೇಲೆ ಒಂದೇ ಒಂದು ಚೆನ್ನಾಗಿರುವುದನ್ನು ತೋರಿಸಿ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಶುರು. "ಅಯ್ಯೋ, ನನ್ನ ಮುಖ ಸೊಟ್ಟ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ದಿನಾ ಕನ್ನಡಿಯಲ್ಲಿ ನೋಡುವುದು ತಿರುಗುಮುರುಗಾದ ಮುಖ. ಜನ ತಮ್ಮ ಮುಖವನ್ನು ಕನ್ನಡಿಯಲ್ಲಿ ಕಾಣುವ ಹಾಗೆಯೂ, ಅವರ ಗೆಳೆಯರು ಅದೇ ಮುಖವನ್ನು ನೇರವಾಗಿಯೂ ಮೆಚ್ಚುತ್ತಾರೆಂದು 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಕಂಪ್ಯೂಟರಿನಲ್ಲಿ ಫೋಟೋವನ್ನು ಅಡ್ಡಕ್ಕೆ ಫ್ಲಿಪ್ ಮಾಡಿ ತೋರಿಸಿ, "ಇದು ನೀವು ಕಾಣೋ ಮುಖ, ಅದು ಊರವರು ಕಾಣೋ ಮುಖ" ಎಂದು ವಿವರಿಸಿ. ಪ್ರಿಂಟ್ ಮಾತ್ರ ನೇರವಾಗಿಯೇ ಹಾಕಿ. ಫ್ಲಿಪ್ ಮಾಡಿದರೆ ಸೆರಗು ಬಲಭುಜಕ್ಕೆ ಹೋಗುತ್ತದೆ!

ಹೊರಾಂಗಣಕ್ಕೆ ಎಲ್ಲರೂ ನಂದಿ ಬೆಟ್ಟ ಅನ್ನುತ್ತಾರೆ. ನಾಚಿಕೆಯವರಿಗೆ ಅದು ಬೇಡ. ಭಾನುವಾರ ನೂರು ಕಣ್ಣು ನೋಡುತ್ತಿರುತ್ತವೆ, 1478 ಮೀಟರ್ ಎತ್ತರದ ಬೆಳಗಿನ ಚಳಿಗೆ ಭುಜ ಕಿವಿಗೇರಿಬಿಟ್ಟಿರುತ್ತದೆ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ ವಾರದ ದಿನ ಕಂಬಸಾಲಿನ ನೆರಳು ಸಿಗುತ್ತದೆ, ಹೊರಗಿನ ಬಿಸಿಲು ಕಲ್ಲಿನ ನೆಲಕ್ಕೆ ಬಡಿದು ಕಣ್ಣಿನ ಕೆಳಗಿನ ಕಪ್ಪನ್ನು ತುಂಬುತ್ತದೆ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್, ಲೈಟ್ ಬಳಸುವುದಿದ್ದರೆ ಮೊದಲೇ ಅನುಮತಿ ತೆಗೆದುಕೊಳ್ಳಿ. ಹೊಂಗೆ ಮರದಡಿ ತೆಗೆದರೆ ಎಲೆಯ ಹಸಿರು ಮುಖಕ್ಕೆ ಬರುತ್ತದೆ, ನೆರಳಿನ ಅಂಚಿಗೆ ಸರಿದು ನಿಲ್ಲಿಸಿ.

ನಿಶ್ಚಯವಾದ ಜೋಡಿಗೆ "ಅಪ್ಪಿಕೊಳ್ಳಿ" ಅನ್ನಬೇಡಿ. ಹತ್ತು ಹೆಜ್ಜೆ ಜೊತೆಯಾಗಿ ನಡೆಯಲಿ, ತಿರುಗಿ ಬರಲಿ, ಮೂರು ಸಲ. ಮೂರನೆಯ ಸಲಕ್ಕೆ ತಾವಾಗಿ ಏನೋ ಮಾತಾಡಿಕೊಂಡು ಬರುತ್ತಾರೆ.

ಒಬ್ಬರಿಗೆ 45 ನಿಮಿಷ ಸಾಕು, ಅದಕ್ಕಿಂತ ಎಳೆದರೆ ಮುಖ ಸೋಲುತ್ತದೆ. ಕೊನೆಗೆ "ಮುಗೀತು" ಅಂದ ಕೂಡಲೇ ಎಲ್ಲರ ಭುಜವೂ ಇಳಿಯುತ್ತದೆ. ಆಗ ಕದ್ದು ತೆಗೆಯಬೇಡಿ. "ಹಾಗೇ ಇರಿ ಅಕ್ಕ, ಇನ್ನೆರಡು" ಎಂದು ಹೇಳಿಯೇ ತೆಗೆಯಿರಿ. ಫ್ಲ್ಯಾಶ್ ಆಫ್ ಮಾಡುವುದು ಅದಾದ ಮೇಲೆ.