ಅಣ್ಣನ ಮಗಳಿಗೆ ರಕ್ತದ ಕ್ಯಾನ್ಸರ್. ದುಡ್ಡು ಕೊಡುವುದು ಬಿಟ್ಟು ನಾನೇನು ಮಾಡಬಹುದು?

ಅಣ್ಣನ ಆರು ವರ್ಷದ ಮಗಳಿಗೆ ಎ.ಎಲ್.ಎಲ್. ಎಂಬ ರಕ್ತದ ಕ್ಯಾನ್ಸರ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಿ ಮೂರು ವಾರವಾಗಿದೆ, ಅಣ್ಣ-ಅತ್ತಿಗೆ ಹಾವೇರಿ ಕಡೆಯವರು, ನೀವು ಇರುವುದು ಬೆಂಗಳೂರಿನಲ್ಲಿ ಎಂದು ಬರೆದಿದ್ದೀರಿ. ನೀವು ಮಾಡಬಹುದಾದದ್ದು ಬಹಳ ಇದೆ.

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವುದು ಇದೇ. ಚಿಕಿತ್ಸೆ ಪೂರ್ತಿಯಾದರೆ ಬಹಳ ಮಕ್ಕಳು ಗುಣವಾಗುತ್ತಾರೆ. ಆದರೆ ಆ ಪೂರ್ತಿ ಅನ್ನುವುದು ಎರಡರಿಂದ ಎರಡೂವರೆ ವರ್ಷ. ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಹೆಚ್ಚಿನ ಮಕ್ಕಳ ರಿಪೋರ್ಟಿನಲ್ಲಿ ಕ್ಯಾನ್ಸರ್ ಕಣ ಕಾಣುವುದಿಲ್ಲ, ಮಗು ಆಡಿಕೊಂಡಿರುತ್ತದೆ. "ಹುಷಾರಾದ್ಲಲ್ಲ" ಅಂದುಕೊಂಡು ಊರಿಗೆ ಹೋಗಿ ಮತ್ತೆ ಬಾರದೆ ಉಳಿಯುವ ಮನೆಗಳೂ ಇವೆ. ಕಾಣದೆ ಅಡಗಿದ ಕಣಗಳು ಆಗ ಮತ್ತೆ ಬೆಳೆಯುತ್ತವೆ, ಎರಡನೇ ಸಲ ಬಂದ ಕಾಯಿಲೆ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇದನ್ನು ಅಣ್ಣನಿಗೆ ಈಗಲೇ, ಸಮಾಧಾನವಾಗಿ ಕೂತು ಹೇಳಿ.

ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ತಂದುಕೊಡಿ, ಕಂಕುಳಲ್ಲಿಟ್ಟು ಬೀಪ್ ಅನ್ನುವವರೆಗೂ ಕಾಯುವುದನ್ನು ಅತ್ತಿಗೆಗೆ ತೋರಿಸಿಕೊಡಿ. 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ಜ್ವರವಿಲ್ಲದೆಯೇ ಮಗು ಚಳಿಯಿಂದ ನಡುಗಿದರೆ ನಡುರಾತ್ರಿಯಾದರೂ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಕೀಮೋದಿಂದ ಬಿಳಿ ರಕ್ತಕಣದ ಕೌಂಟ್ ಬಿದ್ದಿರುತ್ತದೆ. ಸೋಂಕಾದರೂ ಕೀವು, ಬಾವು ಏನೂ ಕಾಣದಿರಬಹುದು, ಜ್ವರವೊಂದೇ ಗುರುತು. ಕೆಲವೇ ಗಂಟೆಗಳಲ್ಲಿ ಬಿ.ಪಿ. ಇಳಿದುಹೋಗಬಹುದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬೀಳಬೇಕು. ಎಲ್ಲರೂ ಮಾಡುವ ತಪ್ಪೆಂದರೆ ಮನೆಯಲ್ಲೇ ಪ್ಯಾರಾಸಿಟಮಾಲ್ ಹಾಕಿ ಬೆಳಗಿನವರೆಗೆ ನೋಡುವುದು. ಅದು ಜ್ವರವನ್ನು ಮುಚ್ಚುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ. ಡಾಕ್ಟರನ್ನು ಕೇಳದೆ ಕೊಡಬೇಡಿ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆಯಿರುವಾಗ ರಕ್ತಸ್ರಾವವಾದೀತು. ಮಲಬದ್ಧತೆಗೆ ಎನಿಮಾ ಕೊಡುವುದೂ ಬೇಡ. ಊರಿಗೆ ಹೋಗುವ ಮುಂಚೆ, ಜ್ವರ ಬಂದರೆ ಅಲ್ಲಿನ ಆಸ್ಪತ್ರೆಯವರು ಮೊದಲು ಯಾವ ಇಂಜೆಕ್ಷನ್ ಕೊಡಬೇಕು ಎಂದು ಇಲ್ಲಿನ ಡಾಕ್ಟರಿಂದ ಚೀಟಿ ಬರೆಸಿಕೊಳ್ಳಿ. ಆ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಕೊನೆಯ ಬ್ಲಡ್ ರಿಪೋರ್ಟು, ಒಂದು ಜೊತೆ ಬಟ್ಟೆ, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಬಾಗಿಲ ಹತ್ತಿರವೇ ಇರಲಿ.

ರಕ್ತದ ವಿಷಯದಲ್ಲಿ ಒಂದು ಎಚ್ಚರಿಕೆ. ನೀವು ಚಿಕ್ಕಪ್ಪ, ರಕ್ತಸಂಬಂಧಿ. ನಿಮ್ಮ ರಕ್ತ ನೇರವಾಗಿ ಮಗುವಿಗೆ ಹೋಗಬಾರದು. ಹತ್ತಿರದ ಸಂಬಂಧಿಕರ ರಕ್ತದ ಬಿಳಿಕಣಗಳು ಮಗುವಿನ ಮೈಯಲ್ಲೇ ಉಳಿದು ಅದರ ಮೇಲೇ ತಿರುಗಿಬೀಳುವ ಅಪಾಯವಿದೆ. ಮುಂದೆ ಅಸ್ಥಿಮಜ್ಜೆ ಕಸಿ ಬೇಕಾದರೂ ತೊಡಕಾಗುತ್ತದೆ. ಬದಲಿಗೆ ಆಫೀಸಿನ ಗೆಳೆಯರಲ್ಲಿ ಏಳೆಂಟು ಜನರ ಪಟ್ಟಿ ಮಾಡಿ, ರಕ್ತದ ಗುಂಪು ಬರೆದಿಡಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಹಾಗಾಗಿ ಎಲ್ಲರನ್ನೂ ಒಂದೇ ದಿನ ಕರೆದುಕೊಂಡು ಹೋದರೆ ಪ್ರಯೋಜನವಿಲ್ಲ. ಕರೆದಾಗ ಒಬ್ಬೊಬ್ಬರೇ ಬರುವಂತಿರಬೇಕು.

ಊಟದ ಬಗ್ಗೆ ನೆಂಟರು ನೂರು ಪಥ್ಯ ಹೇಳುತ್ತಾರೆ. ಬಿಸಿಯಾಗಿ, ಆಗಷ್ಟೇ ಬೇಯಿಸಿದ ಮನೆಯಡುಗೆ, ಕುದಿಸಿ ಆರಿಸಿದ ನೀರು, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ಇಷ್ಟು ಸಾಕು. ಹಸಿ ಕೋಸಂಬರಿ, ಬೀದಿಯ ಪಾನಿಪುರಿ, ಕತ್ತರಿಸಿಟ್ಟ ಹಣ್ಣು ಬೇಡ. ಮೊಟ್ಟೆ ಪೂರ್ತಿ ಬೆಂದಿರಲಿ. ಸ್ಟಿರಾಯ್ಡ್ ನಡೆಯುವ ವಾರಗಳಲ್ಲಿ ಮಗು ರಾತ್ರಿ ಎರಡು ಗಂಟೆಗೆ ಎದ್ದು ಉಪ್ಪಿಟ್ಟು ಬೇಕೆಂದು ಅತ್ತೀತು, ಕೊಟ್ಟ ತಟ್ಟೆಯನ್ನೇ ಎಸೆದೀತು. ಅದು ಔಷಧಿಯ ಗುಣ, ಹಟವಲ್ಲ. ಬೈಯಬೇಡಿ ಎಂದು ಅತ್ತಿಗೆಗೆ ಮೊದಲೇ ಹೇಳಿಡಿ. ಒಂದು ಫ್ಲಾಸ್ಕಿನಲ್ಲಿ ಬಿಸಿ ಗಂಜಿ ಇದ್ದರೆ ಆ ಹೊತ್ತಿಗೆ ಒದಗುತ್ತದೆ.

ಚಿಕಿತ್ಸೆಯ ಕೊನೆಯ ಹಂತದ ಮಾತ್ರೆಗಳೇ ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತವೆ. ಮರ್ಕಾಪ್ಟೊಪ್ಯುರಿನ್ ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಎರಡನೆಯದನ್ನು ತಪ್ಪಿ ದಿನಾ ಕೊಟ್ಟರೆ ಬಾಯಿ ಹುಣ್ಣಾಗಿ, ಕೌಂಟ್ ಪೂರ್ತಿ ಬಿದ್ದು ಜೀವಕ್ಕೇ ಕುತ್ತು. ಬೇರೆ ಬೇರೆ ಡಬ್ಬಿಯಲ್ಲಿಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ವಾರದ ಆ ಒಂದು ದಿನಕ್ಕೆ ಕೆಂಪು ಶಾಯಿಯಿಂದ ಸುತ್ತು ಹಾಕಿ. ಕೊಟ್ಟ ಮೇಲೆ ಅತ್ತಿಗೆ ಟಿಕ್ ಹಾಕಿ ನಿಮಗೆ ಫೋಟೋ ಕಳಿಸಲಿ. ಮಗು ಚೆನ್ನಾಗಿದೆ ಎಂದು ಮಾತ್ರೆ ಬಿಡುವುದು, ತೀರಿದ ಮೇಲೆ ತಂದರಾಯಿತು ಅನ್ನುವುದು ಇಲ್ಲೇ ನಡೆಯುವುದು.

ಕಾಗದಪತ್ರದ ಓಡಾಟ ನೀವೇ ವಹಿಸಿಕೊಳ್ಳಿ, ಅಣ್ಣ ವಾರ್ಡಿನಲ್ಲಿರಲಿ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇದೆಯೇ, ಆಧಾರ್‌ನಲ್ಲೂ ಅದೇ ಕಾಗುಣಿತವೇ ಎಂದು ಮೊದಲು ನೋಡಿ, ಅಲ್ಲೇ ಅರ್ಜಿ ಸಿಕ್ಕಿಬೀಳುತ್ತದೆ. ರೈಲಿನಲ್ಲಿ ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ. ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಅದಕ್ಕೆ ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸಹಿ-ಸೀಲು ಬೇಕು.

ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದ, ಮಗುವಿನ ಅಣ್ಣನೋ ತಮ್ಮನೋ ಇದ್ದರೆ ಅವನಿಗೆ ದಿನಾ ಒಂದು ವಿಡಿಯೋ ಕಾಲ್ ಮಾಡಿಸಿ. ತಾನು ಹೊಡೆದದ್ದರಿಂದ ತಂಗಿಗೆ ಹೀಗಾಯಿತೆಂದು ಮಕ್ಕಳು ಮನಸ್ಸಲ್ಲೇ ಕೊರಗುತ್ತಾರೆ. ಹಾಗಲ್ಲ, ಇದು ಅಂಟುವುದೂ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಅಥವಾ ದಡಾರ ಆಗಿದ್ದು ಅವನೂ ಜೊತೆಗಿದ್ದರೆ, ಮಗುವಿನ ಹತ್ತಿರ ಕರೆತರುವ ಮುಂಚೆ ಡಾಕ್ಟರಿಗೆ ತಿಳಿಸಿ. ಮಗು ಈಗಾಗಲೇ ಅಂಥವರ ಜೊತೆ ಇದ್ದಿದ್ದರೆ ಅದೇ ದಿನ ಫೋನ್ ಮಾಡಿ, ತಡೆಯುವ ಔಷಧಿಯನ್ನು ಕೆಲವೇ ದಿನಗಳೊಳಗೆ ಕೊಡಬೇಕು.

ಮಗುವಿಗೂ ಸುಳ್ಳು ಹೇಳಬೇಡಿ. ಬೆನ್ನಿಗೆ ಇಂಜೆಕ್ಷನ್ ಕೊಡುವ ದಿನ "ನೋವೇ ಆಗಲ್ಲ" ಅಂದರೆ ಮುಂದಿನ ಸಲ ಅವಳು ನಿಮ್ಮನ್ನು ನಂಬುವುದಿಲ್ಲ. "ಸ್ವಲ್ಪ ಚುಚ್ಚುತ್ತೆ ಪುಟ್ಟಿ, ನನ್ನ ಕೈ ಹಿಡ್ಕೊ, ಹತ್ತು ಎಣಿಸೋಣ" ಅನ್ನಿ, ಮತ್ತು ಆ ದಿನ ರಜೆ ಹಾಕಿ ಅಲ್ಲಿರಿ.