ಪಹಣಿ ಅಜ್ಜನ ಹೆಸರಲ್ಲೇ ಇದ್ದರೆ ಬ್ಯಾಂಕ್ ಸಾಲ ಪಡೆಯುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಎರಡು ಎಕರೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ, ಮೂರು ಎಕರೆ ಬೇರೆಯವರದ್ದನ್ನು ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ) ಮಾಡುತ್ತೀರಿ, ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಿವೆ. ನಿಮ್ಮ ಹೆಸರಲ್ಲಿ ಪಹಣಿ ಇಲ್ಲವೆಂದು ಬ್ಯಾಂಕಿನವರು ವಾಪಸ್ ಕಳಿಸಿದ್ದಾರೆ. ದಾರಿ ಇದೆಯೇ?

ಇದೆ. ಹಸುವಿಗೊಂದು, ಕೋರಿನ ಜಮೀನಿಗೊಂದು, ಅಜ್ಜನ ಜಮೀನಿಗೊಂದು. ಮೂರಕ್ಕೂ ಬೇಕಾದ ಕಾಗದಗಳೇ ಬೇರೆ. ಮೂರನ್ನೂ ಒಟ್ಟಿಗೆ ಕಲಸಿ "ಕೃಷಿ ಸಾಲ ಕೊಡಿ" ಎಂದು ಕೇಳಿದರೆ ಮೊದಲ ಪ್ರಶ್ನೆಯೇ ಪಹಣಿಯದ್ದಾಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಬೇಗ ಆಗುವುದು ಹಸುವಿನದು. 2019ರ ಫೆಬ್ರವರಿಯಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಹೈನುಗಾರಿಕೆ, ಕುರಿ-ಮೇಕೆ, ಕೋಳಿ ಸಾಕಣೆಗೂ ಸಿಗುತ್ತದೆ. ಇದಕ್ಕೆ ಸ್ವಂತ ಜಮೀನೇ ಬೇಕೆಂದಿಲ್ಲ, ಕೊಟ್ಟಿಗೆ ಬಾಡಿಗೆಯದ್ದಾದರೂ ನಡೆಯುತ್ತದೆ. ಹಸುಗಳ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಪಶು ಆಸ್ಪತ್ರೆಯಿಂದ ಒಂದು ದೃಢೀಕರಣ, ಡೇರಿಯ ಬಟವಾಡೆ ವಿವರ, ಆಧಾರ್, ಪಾಸ್‌ಬುಕ್ ಇಟ್ಟುಕೊಂಡು ಹೋಗಿ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: "ಹಸು ತರಲು ಸಾಲ ಬೇಕು" ಎನ್ನುತ್ತಾರೆ. ಈ ಕಾರ್ಡ್ ಇರುವುದು ಹಿಂಡಿ, ಮೇವು, ಔಷಧಿ, ಕೂಲಿ, ಕರೆಂಟಿನ ಖರ್ಚಿಗೆ. ಹಸು ಕೊಳ್ಳುವ ಸಾಲ ಅವಧಿ ಸಾಲ (ಕೆಲವು ವರ್ಷ ಕಂತಿನಲ್ಲಿ ತೀರಿಸುವಂಥದ್ದು), ಅದರ ಅರ್ಜಿಯೂ ಬೇರೆ, ಬಡ್ಡಿಯೂ ಬೇರೆ. ಹಾಲು ಒಕ್ಕೂಟದ ಮೂಲಕ ಬಟವಾಡೆಯಿಂದಲೇ ಕಂತು ಮುರಿದುಕೊಳ್ಳುವ ಒಪ್ಪಂದವಿದ್ದರೆ 3 ಲಕ್ಷದವರೆಗೆ ಅಡಮಾನವಿಲ್ಲದೆಯೇ ಸಿಗಬಹುದು, ಆದ್ದರಿಂದ ಮೊದಲು ಡೇರಿ ಕಾರ್ಯದರ್ಶಿಯನ್ನು ವಿಚಾರಿಸಿ.

ಕೋರಿನ ಜಮೀನಿನ ವಿಷಯ ಸೂಕ್ಷ್ಮ. 1974ರ ಭೂ ಸುಧಾರಣೆಯ ನಂತರ ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ನಿಷೇಧವಿದೆ, ವಿನಾಯಿತಿ ಇರುವುದು ಸೈನಿಕರಂಥ ಕೆಲವರಿಗೆ ಮಾತ್ರ. ಹಾಗಾಗಿ ಮಾಲೀಕರು ಕಾಗದದಲ್ಲಿ ಬರೆದುಕೊಡುವುದಿಲ್ಲ, ಕೊಟ್ಟರೆ ಜಮೀನೇ ಹೋದೀತೆಂಬ ಭಯ ಅವರಿಗೆ. ಅವರನ್ನು ಒತ್ತಾಯಿಸಿ ಇರುವ ಕೋರನ್ನೂ ಕಳೆದುಕೊಳ್ಳಬೇಡಿ. ಬಾಯಿಮಾತಿನ ಗೇಣಿದಾರರು, ಪಾಲಿಗೆ ಮಾಡುವವರು ಕೂಡ ಕಿಸಾನ್ ಕಾರ್ಡಿಗೆ ಅರ್ಹರು ಎಂದು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಯಾವ ಬೆಳೆ, ಎಷ್ಟು ಜಮೀನು ಮಾಡುತ್ತಿದ್ದೀರಿ ಎಂದು ಗ್ರಾಮ ಪಂಚಾಯಿತಿ ಕೊಡುವ ಪತ್ರವನ್ನು ಬ್ಯಾಂಕ್ ಒಪ್ಪಬಹುದು. ಅದೂ ಕಷ್ಟವಾದರೆ 50,000 ರೂಪಾಯಿವರೆಗಿನ ಸಾಲಕ್ಕೆ ನಿಮ್ಮದೇ ಅಫಿಡವಿಟ್ ಸಾಕು. ಆದರೂ ಒಬ್ಬರೇ ಹೋದರೆ ಶಾಖೆಯವರು ಹಿಂಜರಿಯುವುದೇ ಹೆಚ್ಚು. ನಿಮ್ಮಂತೆಯೇ ಕೋರಿಗೆ ಮಾಡುವ 4ರಿಂದ 10 ಜನ ಸೇರಿ ಜಂಟಿ ಬಾಧ್ಯತಾ ಗುಂಪು (ಜೆಎಲ್‌ಜಿ) ಮಾಡಿಕೊಳ್ಳಿ. ಅಲ್ಲಿ ಒಬ್ಬರಿಗೊಬ್ಬರ ಜಾಮೀನೇ ಭದ್ರತೆ. ಹೀಗಾಗಿ ಒಬ್ಬ ಕಟ್ಟದಿದ್ದರೆ ಎಲ್ಲರಿಗೂ ಪೆಟ್ಟು. ಒಂದೇ ಮನೆಯ ಇಬ್ಬರನ್ನು, ಹಳೇ ಸುಸ್ತಿದಾರರನ್ನು ಸೇರಿಸಬೇಡಿ. ಸಂಖ್ಯೆ ತುಂಬಿಸಲು ಯಾರನ್ನೋ ಎಳೆದುಕೊಂಡ ಗುಂಪುಗಳು ಒಡೆಯುವುದು ಅಲ್ಲಿಯೇ.

ಇನ್ನು ಅಜ್ಜನ ಎರಡು ಎಕರೆ. ಇದಕ್ಕೆ ಸಮಯ ಹಿಡಿಯುತ್ತದೆ, ಆದರೆ ಇವತ್ತೇ ಕೈ ಹಾಕಬೇಕಾದ ಕೆಲಸ ಇದೇ. ಹೋಗಬೇಕಾದದ್ದು ಬ್ಯಾಂಕಿಗಲ್ಲ, ನಾಡಕಚೇರಿಗೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಇಟ್ಟು ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಅಜ್ಜನ ಸಾವು ನೋಂದಣಿಯೇ ಆಗಿರದಿದ್ದರೆ ಮೊದಲು ಅದನ್ನು ಮುಗಿಸಬೇಕು. ಒಂದು ವರ್ಷ ದಾಟಿದ್ದರೆ ಬರೀ ಅರ್ಜಿ ಸಾಲದು, ಮ್ಯಾಜಿಸ್ಟ್ರೇಟರ ಆದೇಶವೂ ಬೇಕು.

ವಂಶವೃಕ್ಷದಲ್ಲಿ ಅತ್ತೆಯರನ್ನು, ಅಂದರೆ ಅಜ್ಜನ ಹೆಣ್ಣುಮಕ್ಕಳನ್ನು, ದಯವಿಟ್ಟು ಬಿಡಬೇಡಿ. "ಅವರು ಮದುವೆಯಾಗಿ ಹೋದವರು" ಎಂದು ಬಿಟ್ಟ ಅರ್ಜಿಗಳಿಗೇ ತಕರಾರು ಬೀಳುತ್ತದೆ. ಅವರಿಗೂ ಸಮಪಾಲಿದೆ, ಬಿಡುವುದು ಅನ್ಯಾಯ ಕೂಡ. ಕೋರ್ಟಿಗೆ ಹೋದ ಜಮೀನಿನ ಮೇಲೆ ಯಾವ ಬ್ಯಾಂಕೂ ಸಾಲ ಕೊಡಲು ಮುಂದೆ ಬರುವುದಿಲ್ಲ. ಖಾತೆಯಾದ ಮೇಲೆ ಪಹಣಿಯ 9ನೇ ಕಾಲಂನಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ. ಆಗ ಎಲ್ಲರ ಸಹಿಯೊಂದಿಗೆ ಸಾಲ ಕೇಳಬಹುದು, ಇಲ್ಲವೇ 11ಇ ನಕ್ಷೆ (ಪಾಲುಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಿಕೊಳ್ಳಬಹುದು. 11ನೇ ಕಾಲಂ ಕೂಡ ನೋಡಿ. ಅಜ್ಜ ಯಾವಾಗಲೋ ತೀರಿಸಿದ ಸೊಸೈಟಿ ಸಾಲದ ಬೋಜಾ (ಜಮೀನಿನ ಮೇಲೆ ಸಾಲವಿದೆ ಎಂಬ ನಮೂದು) ಅಲ್ಲೇ ಉಳಿದಿರಬಹುದು. ಬೇಬಾಕಿ ಪತ್ರ (ಬಾಕಿ ಇಲ್ಲವೆಂಬ ಪತ್ರ) ತಂದು ಅದನ್ನು ತೆಗೆಸದೆ ಹೊಸ ಸಾಲ ಮುಂದೆ ಹೋಗದು. ನಿಮ್ಮ ಹೆಸರು ಪಹಣಿಗೆ ಬಂದ ತಕ್ಷಣ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್‌ನ (ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ) ಎಫ್‌ಐಡಿಗೆ, ಅಂದರೆ ನಿಮ್ಮ ರೈತ ಗುರುತಿನ ಸಂಖ್ಯೆಗೆ, ಆ ಸರ್ವೆ ನಂಬರ್ ಸೇರಿಸಿ, ಬ್ಯಾಂಕಿನವರು ನೋಡುವುದು ಅದನ್ನೇ.

ಎಷ್ಟು ಸಿಗುತ್ತದೆ? ಎಕರೆಗೆ ಯಾವ ಬೆಳೆಗೆ ಎಷ್ಟು ಎಂಬುದನ್ನು ಜಿಲ್ಲಾ ತಾಂತ್ರಿಕ ಸಮಿತಿ ಗೊತ್ತು ಮಾಡಿರುತ್ತದೆ. ಲೆಕ್ಕಕ್ಕೆ ಎಕರೆಗೆ 20,000 ಎಂದಿಟ್ಟುಕೊಳ್ಳಿ. ಎರಡು ಎಕರೆಗೆ 40,000, ಮನೆಖರ್ಚಿಗೆಂದು ಶೇ. 10ರಂತೆ 4,000, ಉಪಕರಣಗಳ ದುರಸ್ತಿಗೆ ಶೇ. 20ರಂತೆ 8,000, ಒಟ್ಟು 52,000, ಜೊತೆಗೆ ವಿಮೆ ಕಂತು. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಜಮೀನು ಅಡವಿಡಬೇಕಿಲ್ಲ. ಬಡ್ಡಿ ಶೇ. 7, ವರ್ಷದೊಳಗೆ ಕಟ್ಟಿದರೆ ಶೇ. 3 ಕಳೆದು ಶೇ. 4, ಅಂದರೆ 2,080 ರೂಪಾಯಿ. ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ಅದೇ ಹಣಕ್ಕೆ ವರ್ಷಕ್ಕೆ 18,720. ಗಡುವು ಒಂದೇ ದಿನ ತಪ್ಪಿದರೂ ಆ ಶೇ. 3 ಕೈತಪ್ಪುತ್ತದೆ. ಹಾಗಾಗಿ ಹಣ ತೆಗೆದ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಸಹಕಾರ ಸಂಘದಲ್ಲಿ ಸದಸ್ಯರಾದರೆ ಸಕಾಲಕ್ಕೆ ಕಟ್ಟುವವರಿಗೆ ಬೆಳೆ ಸಾಲ ಬಡ್ಡಿಯಿಲ್ಲದೆಯೇ ಸಿಗುತ್ತದೆ. ಹೊಸಬರ ಸರದಿ ಬರಲು ತಡವಾಗಬಹುದು, ಆದರೂ ಷೇರು ಕಟ್ಟಿಡಿ.

ಬಾಯಿಮಾತಿನಲ್ಲಿ "ಆಗಲ್ಲ" ಎಂದರೆ ಎದ್ದು ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಅರ್ಜಿಯನ್ನು ಶಾಖೆಯ ಮಟ್ಟದಲ್ಲೇ ತಿರಸ್ಕರಿಸುವಂತಿಲ್ಲ, ಅದು ಮೇಲಿನ ಕಚೇರಿಯಲ್ಲಿ ತೀರ್ಮಾನವಾಗಬೇಕು. ಜಿಲ್ಲೆಯ ಎಲ್ಲ ಬ್ಯಾಂಕುಗಳ ನಡುವೆ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಒಂದು ಪ್ರತಿ ಕೊಡಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ಉಚಿತ ಸಂಖ್ಯೆ 14448. ಆಗ ಕೈಯಲ್ಲಿರಬೇಕಾದದ್ದು ಆ ಸ್ವೀಕೃತಿ ಚೀಟಿಯೇ.