ಎರಡನೇ ಕ್ಲಾಸಿನ ಮಕ್ಕಳಿಗೆ ಖೋ ಖೋ ನಿಯಮ ಹತ್ತದಿದ್ದರೆ

ಖೋ ಕೊಡುವ ಮೊದಲೇ ಕೂತ ಮಕ್ಕಳು ಎದ್ದು ಓಡುತ್ತಾರೆ, ಎಷ್ಟು ಸಲ ಹೇಳಿದರೂ ಅಷ್ಟೇ ಅಂದಿದ್ದೀರಿ. ಇದು ಬಹುಶಃ ವಯಸ್ಸಿನ ವಿಷಯ, ಹಟ ಅಂದುಕೊಳ್ಳಬೇಡಿ. ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆ ಪ್ರಕಾರ ಸುಮಾರು 7 ವರ್ಷದವರೆಗೆ ಮಗುವಿಗೆ ಇನ್ನೊಬ್ಬರ ಕಡೆಯಿಂದ ನೋಡುವುದು ಕಷ್ಟ. ಗೋಲಿ ಆಡುವ ಮಕ್ಕಳನ್ನೂ ಅವರು ಗಮನಿಸಿದ್ದರು: ಸಣ್ಣವರು ಜೊತೆಗೇ ಆಡುತ್ತಿದ್ದರೂ ತಂತಮ್ಮ ನಿಯಮದಲ್ಲೇ ಆಡುತ್ತಾರೆ.

ಮೊದಲು ಬಾಯಲ್ಲಿ ವಿವರಿಸುವುದನ್ನು ನಿಲ್ಲಿಸಿ. ಬೆಂಗಳೂರಿನ ಎಷ್ಟೋ ಶಾಲೆಗಳಂತೆ ನಿಮ್ಮದೂ ಸಿಮೆಂಟ್ ಅಂಗಳವಾದರೆ ಸೀಮೆಸುಣ್ಣದಲ್ಲೇ ಚೌಕ ಬರೆಯಿರಿ. ಮುಖ ಯಾವ ಕಡೆ ಅಂತ ಒಳಗೆ ಬಾಣದ ಗುರುತು ಹಾಕಿ. ನಾಲ್ಕೇ ಜನ ಕೂರಲಿ, ಓಡುವವರು ಬೇಡ. ಬೆನ್ನು ಮುಟ್ಟು, 'ಖೋ' ಅನ್ನು, ಎದ್ದವರ ಜಾಗದಲ್ಲಿ ಕೂರು. ಸದ್ಯಕ್ಕೆ ಅಷ್ಟೇ ಆಟ. ಬೆನ್ನಿಗೆ ಕೈ ತಾಗಿ, 'ಖೋ' ಕಿವಿಗೆ ಬಿದ್ದ ಮೇಲೇ ಏಳಬೇಕು ಅನ್ನೋದು ಅಭ್ಯಾಸವಾಗಲಿ. ಇದಕ್ಕೆ ಒಂದೆರಡು ಪೀರಿಯಡ್ ಹೋದರೂ ಪರವಾಗಿಲ್ಲ, ಇಲ್ಲಿ ಅವಸರ ಮಾಡಲೇಬೇಡಿ.

ಆಮೇಲೆ ಒಬ್ಬ ಓಟಗಾರನನ್ನು ಬಿಡಿ. ಅಟ್ಟಿಸಿಕೊಂಡು ಹೋಗುವವರು ನಡುವಿನ ಸಾಲು ದಾಟಬಾರದು ಅನ್ನುವ ನಿಯಮ ಆಗ ಸೇರಿಸಿ. ಅದು ಹಿಡಿತಕ್ಕೆ ಬಂದ ಮೇಲೆ, ಅವರು ದಿಕ್ಕು ಬದಲಿಸಬಾರದು ಅನ್ನೋದು. ಪ್ರತಿ ಸುತ್ತಿಗೂ ಓಡುವವರು, ಕೂರುವವರು ಅದಲು ಬದಲಾಗಲಿ. ತಾನು ಖೋ ಕೊಡಲು ಬಂದಾಗ ಕೂತವನು ಮೊದಲೇ ಎದ್ದುಬಿಟ್ಟರೆ ಆಟ ಹೇಗೆ ಕೆಡುತ್ತದೆ ಅಂತ ಆಗಲೇ ಗೊತ್ತಾಗುವುದು, ಅಲ್ವಾ?

7 ವರ್ಷ ಅನ್ನೋದು ಅಂದಾಜು ಮಾತ್ರ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡ. ನಿಮ್ಮ ಕ್ಲಾಸಲ್ಲಿ ಯಾರು ಎಲ್ಲಿದ್ದಾರೆ ಅಂತ ನೀವೇ ನೋಡಬೇಕು. ಬೇಗ ಹಿಡಿದವರನ್ನು ತಡವಾಗುವವರ ಪಕ್ಕ ಕೂರಿಸಿ. ತಪ್ಪಿದವರನ್ನು ದಯವಿಟ್ಟು ಹೊರಗೆ ಕೂರಿಸಬೇಡಿ, ಜಾಸ್ತಿ ಆಡಬೇಕಾದವರೇ ಅವರು.